ಬೆಕ್ಕಿನ ಪ್ಯಾನ್‌ಲ್ಯೂಕೋಪೀನಿಯಾ: ಬಿಳಿ ರಕ್ತಕಣ 800. ಉಳೀತಾಳಾ?

ಮಿಂಚು_ಅಮ್ಮ:
ನಮ್ಮ ಮಿಂಚುಗೆ ಏಳು ತಿಂಗಳು. ವಾಂತಿ, ಭೇದಿ. ನೀರಿನ ಬಟ್ಟಲ ಮುಂದೆ ತಲೆ ಬಗ್ಗಿಸಿ ಕೂರ್ತಾಳೆ, ಒಂದು ಗುಟುಕೂ ಕುಡಿಯಲ್ಲ. ಪ್ಯಾನ್‌ಲ್ಯೂಕೋಪೀನಿಯಾ ಅನ್ನೋ ವೈರಸ್ ರೋಗ ಅಂತ ಗೊತ್ತಾಗಿ ಅಡ್ಮಿಟ್ ಮಾಡಿದ್ದೀವಿ. ಬಿಳಿ ರಕ್ತಕಣ 800, ಪ್ಲೇಟ್‌ಲೆಟ್ 60,000, ರಕ್ತದ ಪ್ರೋಟೀನ್ ಆಲ್ಬುಮಿನ್ 2.6, ಪೊಟ್ಯಾಸಿಯಂ 3.3. ಹಿಮೋಗ್ಲೋಬಿನ್ ಮಾತ್ರ ಸರಿಯಾಗಿದೆ. ರಿಪೋರ್ಟ್ ನೋಡಿ ಅವಳು ಉಳೀತಾಳೋ ಇಲ್ವೋ ಹೇಳಕ್ಕಾಗುತ್ತಾ? ಸುಳ್ಳು ಸಮಾಧಾನ ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ.

ಕರಿಬೆಕ್ಕು:
ನಮ್ಮವನಿಗೂ ಸಾವಿರದ ಕೆಳಗೆ ಇಳಿದಿತ್ತು. ಈಗ ಮನೆ ತುಂಬ ಓಡಾಡ್ತಾನೆ. ಧೈರ್ಯ ಬಿಡಬೇಡಿ. ಉರಿಯೂತ ತೋರಿಸೋ ಸಿಆರ್‌ಪಿ ಟೆಸ್ಟ್ ಕೂಡ ಮಾಡಿಸಿ.

ಪಶುವೈದ್ಯೆ:
ಸಿಆರ್‌ಪಿ ನಾಯಿಗಳಿಗೆ ಸರಿ, ಬೆಕ್ಕಲ್ಲಿ ಅದರಿಂದ ಏನೂ ತಿಳಿಯಲ್ಲ. ಬೆಕ್ಕಿನ ಉರಿಯೂತ ತೋರಿಸೋದು ಸೀರಮ್ ಅಮೈಲಾಯ್ಡ್ ಎ. ಅದು ಸಿಗದಿದ್ದರೂ ಚಿಂತೆ ಬೇಡ, ಮುಖ್ಯವಾದ ಅಂಕಿಗಳು ನಿಮ್ಮ ಕೈಲೇ ಇವೆ.

ನೀವು ಕೇಳಿದ ಹಾಗೆ ನೇರವಾಗಿ ಹೇಳ್ತೀನಿ, ಪರಿಸ್ಥಿತಿ ಗಂಭೀರವಾಗಿದೆ. 2010ರಲ್ಲಿ ಪ್ರಕಟವಾದ, 244 ಬೆಕ್ಕುಗಳ ಅಧ್ಯಯನದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬದುಕಿದವು. ದಾಖಲಾದಾಗ ಬಿಳಿ ಕಣ 1000ಕ್ಕಿಂತ, ಆಲ್ಬುಮಿನ್ 3ಕ್ಕಿಂತ, ಪೊಟ್ಯಾಸಿಯಂ 4ಕ್ಕಿಂತ ಕಡಿಮೆ ಇದ್ದವುಗಳಲ್ಲಿ ಸಾವು ಹೆಚ್ಚು. ಮಿಂಚುಗೆ ಮೂರೂ ಕಡಿಮೆಯೇ. ಆದರೆ ಇದು ಗುಂಪಿನ ಲೆಕ್ಕ. ಅದನ್ನಿಟ್ಟುಕೊಂಡು ಒಂದು ಬೆಕ್ಕಿನ ಹಣೆಬರಹ ಹೇಳಕ್ಕಾಗಲ್ಲ, ಅದಕ್ಕೇ ನಿಮ್ಮ ಡಾಕ್ಟರು ಈಗಲೇ ಏನೂ ಹೇಳದೆ ಇರಬಹುದು.

ಅಂಕಿಗಳು ಯಾಕೆ ಹೀಗೆ ಬಿದ್ದವು ಅಂತ ತಿಳಿದರೆ ಏನು ನೋಡಬೇಕು ಅನ್ನೋದೂ ತಿಳಿಯುತ್ತೆ. ಬೇಗ ಬೇಗ ಹುಟ್ಟೋ ಜೀವಕೋಶಗಳನ್ನೇ ಈ ವೈರಸ್ ಹಿಡಿಯೋದು: ರಕ್ತಕಣ ತಯಾರಾಗೋ ಅಸ್ಥಿಮಜ್ಜೆ, ಕರುಳಿನ ಒಳಪದರ. ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣ ರಕ್ತದಲ್ಲಿ ಉಳಿಯೋದು ಕೆಲವೇ ಗಂಟೆ, ಹಾಗಾಗಿ ಉತ್ಪಾದನೆ ನಿಂತ ಕೂಡಲೇ ಕುಸಿಯುತ್ತೆ. ಕೆಂಪು ಕಣಕ್ಕೆ ಎರಡು ತಿಂಗಳಿಗೂ ಹೆಚ್ಚು ಆಯುಸ್ಸು, ಹಿಮೋಗ್ಲೋಬಿನ್ ಈಗ ಚೆನ್ನಾಗಿರೋದು ಅದಕ್ಕೇ. ಅದನ್ನು ನೋಡಿ ನಿರಾಳ ಆಗಬೇಡಿ. ಆಲ್ಬುಮಿನ್ ಹಾಳಾದ ಕರುಳಿನಿಂದ ಸೋರಿ ಹೋಗ್ತಿದೆ. ಪೊಟ್ಯಾಸಿಯಂ ವಾಂತಿ-ಭೇದಿಯಲ್ಲಿ ಹೋಗ್ತಿದೆ, ಊಟದಿಂದಲೂ ಬರ್ತಿಲ್ಲ. ಅದನ್ನು ಡ್ರಿಪ್‌ನಲ್ಲಿ ಕೊಡಬಹುದು. ಕೊಡ್ತಿದ್ದಾರಾ ಅಂತ ಇವತ್ತೇ ಕೇಳಿ.

ಪ್ಲೇಟ್‌ಲೆಟ್ 60,000 ಅನ್ನೋದನ್ನು ಹಾಗೇ ನಂಬಬೇಡಿ. ಬೆಕ್ಕಿನ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳೋದು ತುಂಬಾ ಸಾಮಾನ್ಯ, ಆಗ ಮೆಷಿನ್ ಕಡಿಮೆ ಎಣಿಸುತ್ತೆ. ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿ.

ಮಿಂಚು_ಅಮ್ಮ:
ತುಂಬಾ ಥ್ಯಾಂಕ್ಸ್ ಮೇಡಂ. ಪೊಟ್ಯಾಸಿಯಂ ಡ್ರಿಪ್‌ನಲ್ಲಿ ಹಾಕ್ತಿದ್ದಾರಂತೆ. ಸ್ಲೈಡಲ್ಲಿ ಪ್ಲೇಟ್‌ಲೆಟ್ ಗುಂಪುಗಳು ಕಂಡವಂತೆ. ಮುಂದಿನ ರಿಪೋರ್ಟ್‌ನಲ್ಲಿ ಮೊದಲು ಏನು ನೋಡಲಿ?

ಪಶುವೈದ್ಯೆ:
ಬಿಳಿ ಕಣ ಯಾವ ಕಡೆ ಹೋಗ್ತಿದೆ ಅನ್ನೋದು. 800 ಇದ್ದದ್ದು 700 ಆದರೂ ಎದೆಗುಂದಬೇಡಿ, ಏರೋ ಮುಂಚೆ ಇನ್ನೂ ಇಳಿಯಬಹುದು. ಎಳೆಯ ನ್ಯೂಟ್ರೋಫಿಲ್‌ಗಳು, ಅಂದರೆ ಬ್ಯಾಂಡ್ ಕಣಗಳು, ಕಾಣಿಸಿಕೊಂಡು ಒಟ್ಟು ಎಣಿಕೆಯೂ ಏರಿದರೆ ಮಜ್ಜೆ ಮತ್ತೆ ಕೆಲಸ ಶುರು ಮಾಡಿದೆ ಅಂತ ಅರ್ಥ. ಜೊತೆಗೆ ಮೈಬಿಸಿ ಎಷ್ಟಿದೆ ಅಂತ ಪ್ರತಿಸಲ ಕೇಳಿ. ಈ ರೋಗದಲ್ಲಿ ಜ್ವರಕ್ಕಿಂತ ಮೈ ತಣ್ಣಗಾಗೋದೇ ನನಗೆ ಹೆಚ್ಚು ಭಯ. ಐದು ದಿನ ದಾಟಿದವು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತವೆ. ಮುಂದಿನ ರಿಪೋರ್ಟ್ ಬಂದ ತಕ್ಷಣ ಇಲ್ಲೇ ಹಾಕಿ, ನೋಡ್ತೀನಿ.