ಓಡೋಕೆ, ಸೈಕಲ್‌ಗೆ ಓಪನ್ ಇಯರ್ ಹೆಡ್‌ಫೋನ್ ತಗೋಬೇಕು, ದಿನಾ ಬಳಸ್ತಿರೋರು ಯಾರಾದ್ರೂ ಇದ್ದೀರಾ?

ಕುಕ್ಕರಹಳ್ಳಿ_ಓಟ:

ಎಲ್ರಿಗೂ ನಮಸ್ಕಾರ. ನಾನಿರೋದು ಮೈಸೂರಲ್ಲಿ, ವಾರಕ್ಕೆ ನಾಲ್ಕು ದಿನ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತ ಓಡ್ತೀನಿ, ಭಾನುವಾರ ಸೈಕಲ್ ತಗೊಂಡು ಚಾಮುಂಡಿ ಬೆಟ್ಟಕ್ಕೋ ಇಲ್ಲಾ ಶ್ರೀರಂಗಪಟ್ಟಣದ ಕಡೆಗೋ ಹೋಗ್ತೀನಿ. ಇಷ್ಟು ದಿನ ಮಾಮೂಲಿ ಇಯರ್‌ಬಡ್ಸ್ ಹಾಕ್ಕೊಂಡೇ ಓಡ್ತಿದ್ದೆ. ಈ ಮಳೆಗಾಲದಲ್ಲಿ ಬಲಗಿವಿ ತುರಿಸೋಕೆ ಶುರುವಾಯ್ತು, ಸುಮ್ನೆ ಬಿಟ್ಟೆ, ಒಂದು ವಾರ ಕಳೆಯೋಷ್ಟರಲ್ಲಿ ಕಿವಿ ಕಟ್ಕೊಂಡು ಬಿಡ್ತು, ಇಎನ್‌ಟಿ ಡಾಕ್ಟರ್ ಹತ್ರ ಹೋದ್ರೆ ಫಂಗಸ್ ಆಗಿದೆ ಅಂದ್ರು. ಒಳಗಿಂದ ನೆನೆದ ಪೇಪರ್ ಚೂರಿನ ಥರದ್ದು ತೆಗೆದು ತೋರಿಸಿದ್ರು, ನೋಡಿ ಹೆದರಿಕೆ ಆಯ್ತು. ಬೆವರಿರೋ ಕಿವಿಗೆ ರಬ್ಬರ್ ತುರುಕಿ ಒಂದೊಂದು ಗಂಟೆ ಮುಚ್ಚಿಟ್ರೆ ಹೀಗೇ ಆಗೋದು, ಕಿವಿಗೆ ಗಾಳಿ ಆಡ್ಬೇಕು ಅಂತ ಬೈದು ಕಳಿಸಿದ್ರು.

ಇನ್ನೊಂದು ಕಾರಣ ಇದೆ. ಹೋದ ತಿಂಗಳು ರಿಂಗ್ ರೋಡಲ್ಲಿ ಗುಂಡಿ ತಪ್ಪಿಸೋಕೆ ಅಂತ ಸ್ವಲ್ಪ ಬಲಕ್ಕೆ ಎಳೆದೆ, ಹಿಂದೆ ಒಂದು ಎಲೆಕ್ಟ್ರಿಕ್ ಆಟೋ ಬರ್ತಿತ್ತು, ಸದ್ದೇ ಇಲ್ಲ, ನನ್ನ ಕಿವೀಲಿ ಹೊರಗಿನ ಸದ್ದು ಅಡಗಿಸೋ ನಾಯ್ಸ್ ಕ್ಯಾನ್ಸಲಿಂಗ್ ಬೇರೆ ಆನ್ ಆಗಿತ್ತು. ಹ್ಯಾಂಡಲ್ ತುದಿಗೆ ತಾಗಿಸ್ಕೊಂಡು ಹೋಯ್ತು. ಬೀಳಲಿಲ್ಲ ಅಷ್ಟೆ. ಮನೇಲಿ ಹೇಳಿದ್ಮೇಲೆ ಹೆಂಡತಿ ಇನ್ಮೇಲೆ ಅದನ್ನ ಹಾಕ್ಕೊಂಡು ಸೈಕಲ್ ಮುಟ್ಟಬೇಡಿ ಅಂದ್ಬಿಟ್ಲು, ಅವಳು ಹೇಳೋದು ಸರಿನೇ.

ಈಗ ಪ್ರಶ್ನೆ ಏನಂದ್ರೆ, ಕಿವಿ ತೂತು ಮುಚ್ಚದೇ ಇರೋ ಓಪನ್ ಇಯರ್ ಹೆಡ್‌ಫೋನಲ್ಲಿ, ಮೂಳೆ ಮೂಲಕ ಸದ್ದು ಕಳಿಸೋ ಬೋನ್ ಕಂಡಕ್ಷನ್ ಅಂತ ಒಂದು ಥರ ಇದೆ, ಕಿವಿ ಮೇಲೆ ಕೊಕ್ಕೆ ಹಾಕೋ ಪುಟ್ಟ ಸ್ಪೀಕರ್ ಥರ ಇನ್ನೊಂದಿದೆ, ಎರಡರಲ್ಲಿ ಯಾವುದು? ನನಗೆ ಕನ್ನಡಕ ಇದೆ, ಹೆಲ್ಮೆಟ್ ಇದೆ, ಬೆವರು ಜಾಸ್ತಿ. ಕೇಳೋದು ಹೆಚ್ಚಾಗಿ ಮಾತು, ಅಂದ್ರೆ ಪಾಡ್‌ಕಾಸ್ಟು, ಆಮೇಲೆ ಸ್ವಲ್ಪ ಹಳೇ ಹಾಡು. ನಿಜವಾಗ್ಲೂ ಬಳಸಿರೋರು ಹೇಳಿ, ವಿಡಿಯೋ ರಿವ್ಯೂ ನೋಡಿ ನೋಡಿ ತಲೆ ಕೆಟ್ಟೋಗಿದೆ.

ಪೆಡಲ್_ಮಂಡ್ಯ:

ಮೊದಲು ಕಿವಿ ಪೂರ್ತಿ ವಾಸಿ ಮಾಡ್ಕೊಳ್ಳಿ ಸಾರ್, ಆಮೇಲೆ ಇದು. ನಾನು ಮೂರು ವರ್ಷದಿಂದ ಬೋನ್ ಕಂಡಕ್ಷನ್‌ದೇ ಬಳಸ್ತಿರೋದು, ಶಾಕ್ಸ್ ಓಪನ್‌ರನ್, ಮುಂಚೆ ಈ ಕಂಪನಿಗೆ ಆಫ್ಟರ್‌ಶಾಕ್ಸ್ ಅಂತಿದ್ರು. ತೂಕ 26 ಗ್ರಾಂ, ಹಾಕ್ಕೊಂಡಿದ್ದೇ ಮರೆತು ಹೋಗುತ್ತೆ. ಅದು ಕಿವಿ ಒಳಗೆ ಹೋಗಲ್ಲ, ಕಿವಿ ಮುಂದೆ ದವಡೆ ಸೇರೋ ಹತ್ರ ಕೆನ್ನೆ ಮೂಳೆ ಮೇಲೆ ಕೂತ್ಕೊಂಡು ಅದುರುತ್ತೆ, ಆ ಅದುರು ಮೂಳೆ ಮೂಲಕ ನೇರವಾಗಿ ಒಳಗಿವಿಗೆ ಹೋಗುತ್ತೆ, ಕಿವಿ ತೂತು ಖಾಲಿನೇ ಇರುತ್ತೆ. ಹಾಗಾಗಿ ಹಿಂದೆ ಬರೋ ಲಾರಿ, ನಾಯಿ, ಪಕ್ಕದೋನು ಕರೆದಿದ್ದು ಎಲ್ಲಾ ಕೇಳಿಸುತ್ತೆ.

ಮಾತಿಗೆ ತುಂಬಾ ಚೆನ್ನಾಗಿದೆ. ಹಾಡಿಗೆ ಬೇಸ್ ಕಮ್ಮಿ, ತಬಲ ಡಗ್ಗದ ಸದ್ದು ತೆಳ್ಳಗಾಗಿ ಬಿಡುತ್ತೆ, ಅದನ್ನ ಒಪ್ಕೊಂಡೇ ತಗೋಬೇಕು. ಇದಕ್ಕೇ ಅಂತ ಅವರು ಓಪನ್‌ರನ್ ಪ್ರೊ 2ರಲ್ಲಿ ಮೂಳೆ ಅದುರೋದರ ಜೊತೆಗೆ ಬೇಸ್‌ಗೆ ಒಂದು ಸಣ್ಣ ಸ್ಪೀಕರ್ ಬೇರೆ ಕೊಟ್ಟಿದಾರೆ, 12 ಗಂಟೆ ಬರುತ್ತೆ, ಟೈಪ್ ಸಿ ಚಾರ್ಜಿಂಗ್ ಕೂಡ ಇದೆ. ಆದ್ರೆ ನೀರು, ಧೂಳು ತಡೆಯೋ ರೇಟಿಂಗಲ್ಲಿ ಅದು ಐಪಿ55, ನನ್ನದು ಐಪಿ67, ಅಂದ್ರೆ ನನ್ನದು ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಬಿದ್ದಿದ್ರೂ ತಡ್ಕೊಳ್ಳೋ ಲೆಕ್ಕ. ಮಳೇಲಿ, ಬೆವರಲ್ಲಿ ಎರಡೂ ನಡೆಯುತ್ತೆ. ನನ್ನದಕ್ಕೆ ಚಾರ್ಜರ್ ಮ್ಯಾಗ್ನೆಟ್ ಥರದ್ದು, ಆ ಕೇಬಲ್ ಮಾತ್ರ ಕಳ್ಕೋಬಾರ್ದು, ಬೀದಿ ಅಂಗಡೀಲಿ ಸಿಗೋ ಮಾಲಲ್ಲ ಅದು. ಕಂಪನಿ 8 ಗಂಟೆ ಅನ್ನುತ್ತೆ, ನನಗೆ ಈಗ ಆರೂವರೆ ಬರ್ತಿದೆ.

ಈಗ ಯಾರೂ ಹೇಳದೇ ಇರೋ ವಿಷಯ, ಗಾಳಿ. ಗಂಟೆಗೆ 25 ಕಿ.ಮೀ. ದಾಟಿದ್ಮೇಲೆ ಕಿವಿ ಹತ್ರ ಗಾಳಿದೇ ಭರ್ರೋ ಅಂತ ಸದ್ದು, ಓಪನ್ ಇಯರ್ ಯಾವುದೇ ಆಗಿರ್ಲಿ, ಮಾತು ಮುಳುಗಿ ಹೋಗುತ್ತೆ. ಆಗ ಎಲ್ರೂ ಮಾಡೋ ತಪ್ಪು ವಾಲ್ಯೂಮ್ ಏರಿಸೋದು. ಏರಿಸಿದ್ರೆ ಕಿವಿ ತೆರೆದಿಟ್ಟು ಏನೂ ಪ್ರಯೋಜನ ಇಲ್ಲ, ಹಿಂದಿನ ಗಾಡಿ ಸದ್ದು ಅದರಲ್ಲೇ ಮುಚ್ಚೋಗುತ್ತೆ. ನಾನು ಮಂಡ್ಯದಿಂದ ಮೇಲುಕೋಟೆಗೆ ಹೋಗೋವಾಗ ಸಮದಾರೀಲಿ ಆಡಿಯೋ ನಿಲ್ಲಿಸಿಬಿಡ್ತೀನಿ, ಬೆಟ್ಟ ಹತ್ತೋವಾಗ ಹಾಕ್ತೀನಿ, ಅಲ್ಲಿ ಎಂಟು ಹತ್ತು ಕಿ.ಮೀ. ಸ್ಪೀಡು, ಗಾಳಿ ಇಲ್ಲ, ಒಂದೊಂದು ಅಕ್ಷರಾನೂ ಕೇಳಿಸುತ್ತೆ.

ನೀವು ಶ್ರೀರಂಗಪಟ್ಟಣದ ಕಡೆ ಬರ್ತೀರಲ್ಲ, ಬೆಂಗಳೂರು-ಮೈಸೂರು ಹೈವೇ ಸರ್ವಿಸ್ ರೋಡಲ್ಲಿ ದಯವಿಟ್ಟು ಏನೂ ಹಾಕ್ಬೇಡಿ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಯಾವುದನ್ನೂ ಮೇನ್ ರೋಡಿಗೆ ಬಿಡ್ತಿಲ್ಲ, ಎಲ್ಲಾ ಸರ್ವಿಸ್ ರೋಡಲ್ಲೇ, ಕಬ್ಬಿನ ಗಾಡಿ, ಎದುರಿಂದ ರಾಂಗ್ ಸೈಡಲ್ಲಿ ಬರೋರು ಎಲ್ರೂ ಅಲ್ಲೇ.

ಕನ್ನಡಕದ ವಿಷಯ. ಮೊದಲು ಹೆಡ್‌ಫೋನ್, ಅದರ ಮೇಲೆ ಹೆಲ್ಮೆಟ್ ಸ್ಟ್ರಾಪ್, ಕೊನೇಲಿ ಸ್ಟ್ರಾಪ್ ಮೇಲಿಂದ ಕನ್ನಡಕ. ಈ ಆರ್ಡರ್ ತಪ್ಪಿದ್ರೆ ತಲೆ ತಿರುಗಿಸಿದಾಗೆಲ್ಲ ಹೆಡ್‌ಫೋನಿನ ಎರಡೂ ಕಡೆ ಸೇರಿಸೋ ಕುತ್ತಿಗೆ ಹಿಂದಿನ ತಂತಿ ಹೆಲ್ಮೆಟ್ಟಿಗೆ ತಾಗಿ ಎದ್ದು ಬರುತ್ತೆ.

ಧಾರವಾಡ_ರನ್ನರ್:

ನಮಸ್ಕಾರ ರೀ. ಮ್ಯಾಲಿನ ಅಣ್ಣಾರು ಎಲ್ಲಾ ಛಲೋ ಹೇಳ್ಯಾರ, ನಂದೊಂದು ಮಾತು ಸೇರಿಸ್ತೀನಿ. ಆನ್‌ಲೈನ್‌ದಾಗ ಸಾವಿರ, ಹದಿನೈದು ನೂರಕ್ಕ ಬೋನ್ ಕಂಡಕ್ಷನ್ ಅಂತ ಬರದು ಮಾರ್ತಾರಲ್ಲ, ಅದರಾಗ ಭಾಳಷ್ಟು ಬೋನ್ ಕಂಡಕ್ಷನ್ನೇ ಅಲ್ರಿ. ನಾನೂ ಒಂದು ತಗೊಂಡಿದ್ದೆ, ಕೆಲಗೇರಿ ಕೆರಿ ದಂಡಿ ಮ್ಯಾಲೆ ಎರಡು ತಿಂಗಳ ಹಾಕ್ಕೊಂಡು ಓಡೀನಿ, ಬಾಜೂಕ ನಡಕೊಂತ ಹೊಂಟವ್ರಿಗೂ ನನ್ನ ಹಾಡು ಕೇಳಸ್ತಿತ್ತು. ಆಮ್ಯಾಲೆ ಗೊತ್ತಾತು, ಅದು ಕಿವಿ ಕಡೆ ಮಾರಿ ಮಾಡಿದ ಸಣ್ಣ ಸ್ಪೀಕರ್ ಅಷ್ಟ.

ಪರೀಕ್ಷಾ ಮಾಡೂದು ಭಾಳ ಸರಳ ಐತಿ. ಹಾಕ್ಕೊಂಡು ಹಾಡು ಹಚ್ರಿ, ಎರಡೂ ಕಿವಿ ಬಟ್ಟಿನಿಂದ ಗಟ್ಟಿ ಮುಚ್ಚರಿ. ಖರೇ ಬೋನ್ ಕಂಡಕ್ಷನ್ ಇದ್ರ ಮುಚ್ಚಿದಾಗ ಸಪ್ಪಳ ಹೆಚ್ಚಾಗ್ತೈತಿ, ಬೇಸ್ ಸೈತ ತುಂಬಿ ಬರ್ತೈತಿ, ಯಾಕಂದ್ರ ಎಲಬಿನಿಂದ ಬಂದ ಸಪ್ಪಳ ಹೊರಗ ಹೋಗಾಕ ದಾರಿ ಇರಂಗಿಲ್ಲ. ಬರೇ ಸ್ಪೀಕರ್ ಇದ್ರ ಸಪ್ಪಳ ಕಮ್ಮಿ ಆಗಿಬಿಡ್ತೈತಿ. ಅಂಗಡ್ಯಾಗ ನಿಂತು ಮಾಡ್ರಿ, ಹತ್ತು ಸೆಕೆಂಡ್ ಸಾಕು.

ಇನ್ನೊಂದು, ಓಡಿ ಬಂದ ಕೂಡ್ಲೆ ಚಾರ್ಜ್ ಹಚ್ಚಬ್ಯಾಡ್ರಿ. ಬೆವರಿನ ಉಪ್ಪು ಪಿನ್ ಮ್ಯಾಲೆ ಕುಂತಿರ್ತೈತಿ, ಅದರಾಗ ಕರೆಂಟ್ ಹಾದ್ರ ಪಿನ್ ಹಸರಗಟ್ಟತೈತಿ. ನಂದು ಮೊದಲಿಂದು ಸತ್ತಿದ್ದು ಹಂಗನ. ಈಗ ಒದ್ದಿ ಅರಬಿಲೆ ಒರಸಿ, ಒಂದು ತಾಸು ಒಣಗಿಸಿ, ಆಮ್ಯಾಲೆ ಚಾರ್ಜ್ ಮಾಡ್ತೀನಿ.

ಕುಕ್ಕರಹಳ್ಳಿ_ಓಟ:

ಬೆರಳು ಪರೀಕ್ಷೆ ಇವತ್ತೇ ಗೊತ್ತಾಗಿದ್ದು ಸಾರ್, ತುಂಬಾ ಥ್ಯಾಂಕ್ಸ್. ಒಂದು ಡೌಟು, ನಮ್ಮ ಗುಂಪಲ್ಲಿ ಒಬ್ರು ದುಡ್ಡು ಯಾಕೆ ದಂಡ ಮಾಡ್ತೀಯ, ಹಳೇ ಇಯರ್‌ಬಡ್ಡೇ ಎಡಗಿವಿಗೆ ಒಂದೇ ಹಾಕ್ಕೋ, ಗಾಡಿ ಬರೋದು ಬಲಗಡೆಯಿಂದ ತಾನೇ ಅಂತಾರೆ. ಅದು ನಡೆಯುತ್ತಾ?

ಲಾಲ್‌ಬಾಗ್_ಬೆಳಗು:

ನಡೆಯುತ್ತೆ ಅನ್ಸುತ್ತೆ, ಆದ್ರೆ ನಡೆಯಲ್ಲ. ಸದ್ದು ಎಲ್ಲಿಂದ ಬಂತು ಅಂತ ಗೊತ್ತಾಗೋದೇ ಎರಡು ಕಿವಿಗೂ ಅದು ಸ್ವಲ್ಪ ಹಿಂದೆ ಮುಂದೆ, ಸ್ವಲ್ಪ ಹೆಚ್ಚು ಕಮ್ಮಿ ಆಗಿ ತಲುಪೋದರಿಂದ. ಒಂದು ಮುಚ್ಚಿದ್ರೆ ಹಾರ್ನ್ ಕೇಳಿಸುತ್ತೆ, ಯಾವ ಕಡೆ ಅಂತ ತಿಳಿಯಲ್ಲ, ತಿಳಿಯದೇ ತಪ್ಪು ಕಡೆಗೆ ಸರಿದ್ರೆ ಮುಗೀತು.

ನಾನು ಬೆಳಗ್ಗೆ ಇನ್ನೂ ಕತ್ತಲಿರೋವಾಗ ಜಯನಗರದಿಂದ ಲಾಲ್‌ಬಾಗ್ ಗೇಟ್‌ವರೆಗೆ ಓಡ್ಕೊಂಡು ಹೋಗ್ತೀನಿ. ಹೆಣ್ಣುಮಕ್ಕಳಿಗೆ ಇದು ಬರೀ ಟ್ರಾಫಿಕ್ ಪ್ರಶ್ನೆ ಅಲ್ಲ, ಹಿಂದೆ ಯಾರ ಹೆಜ್ಜೆ ಬರ್ತಿದೆ, ಬೈಕ್ ಯಾಕೆ ಸ್ಲೋ ಆಯ್ತು, ಇದೆಲ್ಲ ಕೇಳಿಸ್ಲೇಬೇಕು. ಅದಕ್ಕೇ ಎರಡು ವರ್ಷದ ಹಿಂದೆ ಕಿವಿ ಮುಚ್ಚೋದು ಬಿಟ್ಟೆ. ನನ್ನದು ಕೊಕ್ಕೆ ಥರದ್ದು, ಕಿವಿ ತೂತಿನ ಹೊರಗೆ ನಿಂತು ಹಾಡೋ ಸ್ಪೀಕರ್. ಹಾಡು ಬೋನ್ ಕಂಡಕ್ಷನ್‌ಗಿಂತ ಎಷ್ಟೋ ತುಂಬಿ ಬರುತ್ತೆ. ಮೊದಲು ಕುತ್ತಿಗೆ ಹಿಂದೆ ತಂತಿ ಇರೋದನ್ನೇ ಹಾಕಿ ನೋಡಿದೆ, ಜಡೆಗೆ ಸಿಕ್ಕಿ ಹಾಕ್ಕೊಳ್ಳೋದು, ಮಳೆ ಜಾಕೆಟ್ ಕಾಲರ್‌ಗೆ ತಾಗಿ ಮೇಲಕ್ಕೆ ಏಳೋದು, ಸಾಕಾಗಿ ಹೋಯ್ತು. ಉದ್ದ ಕೂದಲಿರೋರಿಗೆ ಕೊಕ್ಕೆನೇ ವಾಸಿ. ಆದ್ರೆ ಕನ್ನಡಕ ಇರೋರಿಗೆ ಕಿವಿ ಮೇಲೆ ಎರಡೂ ಸೇರಿ ಒತ್ತುತ್ತೆ, ನಿಮ್ಮ ಫ್ರೇಮ್ ಕಡ್ಡಿ ದಪ್ಪ ಇದ್ರೆ ಹಾಕಿ ನೋಡದೇ ತಗೋಬೇಡಿ.

ಇನ್ನೊಂದು ಕಷ್ಟ ಹೇಳ್ತೀನಿ, ಯಾರೂ ಹೇಳಲ್ಲ. ಫೋನ್ ಸೊಂಟದ ಬೆಲ್ಟಲ್ಲಿ ಎಡಗಡೆ ಇಟ್ಟು ಓಡ್ತಿದ್ದೆ, ಹಾಡು ತುಂಡು ತುಂಡಾಗಿ ಬರೋದು, ಮಾಲೇ ಸರಿಯಿಲ್ಲ ಅಂದ್ಕೊಂಡು ವಾಪಸ್ ಮಾಡೋಕೆ ಹೊರಟಿದ್ದೆ. ಮನೇಲಿ ಮಾತ್ರ ಸರಿಯಾಗೇ ಇರ್ತಿತ್ತು. ಆಮೇಲೆ ತಿಳೀತು, ಬ್ಲೂಟೂತ್ ಅಲೆನ ನಮ್ಮ ಮೈಯಲ್ಲಿರೋ ನೀರು ಹೀರಿಬಿಡುತ್ತೆ, ಮನೇಲಾದ್ರೆ ಗೋಡೆಗೆ ಬಡಿದು ವಾಪಸ್ ಬರುತ್ತೆ, ಬಯಲಲ್ಲಿ ಗೋಡೆ ಎಲ್ಲಿ. ಮೈ ಅಡ್ಡ ಬರದ ಹಾಗೆ ಫೋನ್ ಬಲ ತೋಳಿಗೆ ಕಟ್ಟಿದ ದಿನದಿಂದ ಒಂದ್ಸಲವೂ ಕಟ್ ಆಗಿಲ್ಲ.

ಹಾಸನ_ಸೈಕಲ್:

ನನಗೆ ಚಿಕ್ಕಂದಿನಿಂದ ಎಡಗಿವಿ ಸೋರ್ತಿತ್ತು, ತಮಟೆ ತೂತಾಗಿದೆ. ಇಯರ್‌ಫೋನ್ ಹಾಕ್ಕೊಂಡ್ರೆ ಆ ಕಡೆ ಯಾವಾಗ್ಲೂ ಹತ್ತಿ ಇಟ್ಟಂಗೆ. ನೀರು, ಬೆವರು ಹೋಗ್ಬಾರ್ದು ಅಂತ ಡಾಕ್ಟರ್ ಅಂತೂ ಏನೂ ತುರುಕಬೇಡ ಅಂತಲೇ ಹೇಳಿದ್ರು. ಗೆಳೆಯನ ಬೋನ್ ಕಂಡಕ್ಷನ್ ಒಂದು ದಿನ ಸುಮ್ನೆ ಹಾಕಿ ನೋಡ್ದೆ. ಎಡಗಡೆಯಿಂದ ವೀಣೆ ಸ್ಪಷ್ಟವಾಗಿ ಕೇಳಿಸ್ತು. ರೋಡ್ ಪಕ್ಕ ಸೈಕಲ್ ನಿಲ್ಲಿಸಿ ಆ ಹಾಡು ಪೂರ್ತಿ ಕೇಳಿದೆ, ಮೂವತ್ತೆಂಟು ವರ್ಷದಲ್ಲಿ ಆ ಕಿವೀಲಿ ಹಾಗೆ ಕೇಳಿದ್ದು ಅದೇ ಮೊದಲು. ತಮಟೆ ಹಾಳಾಗಿದ್ರೂ ಒಳಗಿವಿ ಚೆನ್ನಾಗಿದ್ರೆ ಹೀಗಾಗುತ್ತೆ ಅಂತ ಆಮೇಲೆ ಡಾಕ್ಟರ್ ಹೇಳಿದ್ರು. ಒಳಗಿವಿ ನರದ್ದೇ ತೊಂದ್ರೆ ಇದ್ರೆ ಆಗಲ್ಲ.

ಹಾಗಂತ ಇದು ಕಿವಿಗೆ ಏನೂ ಮಾಡಲ್ಲ ಅಂತ ಅಂದ್ಕೋಬೇಡಿ, ಜಾಹೀರಾತಲ್ಲಿ ಹಾಗೇ ತೋರಿಸ್ತಾರೆ. ಕೊನೆಗೆ ಅದುರು ತಲುಪೋದು ಅದೇ ಒಳಗಿವಿಗೆ, ಜೋರು ಹಾಕಿದ್ರೆ ಇದರಲ್ಲೂ ಕಿವಿ ಹೋಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಲೆಕ್ಕ ವಾರಕ್ಕೆ 40 ಗಂಟೆ, 80 ಡೆಸಿಬಲ್ ಒಳಗೆ. ಟ್ರಾಫಿಕ್ ಸದ್ದಿನ ಮೇಲೆ ಹಾಡು ಕೇಳಿಸ್ಬೇಕು ಅಂತ ಏರಿಸ್ತಾ ಹೋದ್ರೆ ಅದು ಯಾವಾಗ ದಾಟುತ್ತೋ ಗೊತ್ತೇ ಆಗಲ್ಲ.

ಲೀಡ್ಸ್_ಕನ್ನಡಿಗ:

ಇಲ್ಲಿ ಬ್ರಿಟನ್‌ನಲ್ಲಿ ನಾನು ಓಡಿದ ಒಂದು ಹಾಫ್ ಮ್ಯಾರಥಾನ್‌ನಲ್ಲಿ ರಸ್ತೆ ಪೂರ್ತಿ ಮುಚ್ಚಿರ್ಲಿಲ್ಲ, ಅದಕ್ಕೆ ಬೋನ್ ಕಂಡಕ್ಷನ್ ಬಿಟ್ಟು ಬೇರೆ ಹೆಡ್‌ಫೋನ್ ಹಾಕಂಗಿಲ್ಲ ಅಂತ ರೂಲ್ ಇತ್ತು. ಫ್ರಾನ್ಸ್‌ನಲ್ಲಂತೂ 2015ರ ಜುಲೈ 1ರಿಂದ ಸೈಕಲ್ ಓಡಿಸೋರು ಕಿವೀಲಿ ಇಯರ್‌ಫೋನ್ ಇಟ್ಕೊಂಡ್ರೆ 135 ಯೂರೋ ದಂಡ. ಈಜು, ಸೈಕಲ್, ಓಟ ಮೂರೂ ಇರೋ ಟ್ರಯಥ್ಲಾನ್ ರೇಸಲ್ಲಿ ಯಾವ ಹೆಡ್‌ಫೋನೂ ಇಲ್ಲ, ಓಪನ್ ಇಯರ್ ಕೂಡ. ರೇಸಿಗೆ ಅಂತ ತಗೊಳೋ ಹಾಗಿದ್ರೆ ಮೊದಲು ಆ ರೇಸಿನ ರೂಲ್ಸ್ ಓದ್ಕೊಳ್ಳಿ.

ಚಾಮುಂಡಿ_ಮೆಟ್ಟಿಲು:

ನಾನು ಮೈಸೂರಿನವನೇ, ನಲವತ್ತು ವರ್ಷದಿಂದ ಸೈಕಲ್ ತುಳೀತಿದೀನಿ. ತಗೋಬೇಡಿ ಅಂತ ಹೇಳಲ್ಲ ನಾನು. ಆದ್ರೆ ಎಲ್ರೂ ಕಿವಿ ತೆರೆದಿದ್ರೆ ಆಯ್ತು ಅಂತಿದೀರಲ್ಲ, ಅಲ್ಲಿ ನನಗೆ ಸಮಾಧಾನ ಇಲ್ಲ. ನನ್ನ ಮಗ ಇದೇ ಥರದ್ದು ಒಂದು ಕೊಡಿಸಿದ್ದ. ಬೆಟ್ಟ ಇಳೀತಾ ಕ್ರಿಕೆಟ್ ಕಾಮೆಂಟರಿ ಹಾಕ್ಕೊಂಡಿದ್ದೆ, ಕೊನೇ ಓವರ್. ಹಿಂದಿಂದ ಬಸ್ ಹಾರ್ನ್ ಹೊಡೆದಿದ್ದು ಕೇಳಿಸ್ತು, ಸುಳ್ಳು ಹೇಳಲ್ಲ, ಚೆನ್ನಾಗೇ ಕೇಳಿಸ್ತು. ಕೇಳಿಸಿದ್ರೂ ಕೈ ಬ್ರೇಕಿಗೆ ಹೋಗಲಿಲ್ಲ, ಮನಸ್ಸು ಆ ಬಾಲ್ ಏನಾಯ್ತು ಅಂತ ಕಾಯ್ತಿತ್ತು. ಎರಡನೇ ಹಾರ್ನಿಗೆ ಪಕ್ಕಕ್ಕೆ ಸರಿದೆ. ಆ ತಿರುವಲ್ಲಿ ಕಲ್ಲು ಇದ್ದಿದ್ರೆ ಇವತ್ತು ಇದನ್ನ ಬರೀತಿರ್ಲಿಲ್ಲ.

ಕೆರೆ ಸುತ್ತ ಓಡೋವಾಗ ಧಾರಾಳವಾಗಿ ಹಾಕ್ಕೊಳ್ಳಿ, ಅಲ್ಲಿ ಗಾಡಿ ಇಲ್ಲ. ಬೆಟ್ಟ ಹತ್ತೋವಾಗ ಹಾಕ್ಕೊಳ್ಳಿ. ಇಳಿಯೋವಾಗ ತೆಗೆದು ಜೇಬಿಗೆ ಇಡಿ. ಗಮನ ಎಳ್ಕೊಳ್ಳೋ ಮಾತಿಗಿಂತ ಪರಿಚಯದ ಹಾಡು ಒಳ್ಳೇದು, ಅದು ತನ್ನ ಪಾಡಿಗೆ ಬರ್ತಿರುತ್ತೆ.

ಕುಕ್ಕರಹಳ್ಳಿ_ಓಟ:

ಮೂರು ವಾರ ಆಯ್ತು, ಹೇಳದೇ ಹೋದ್ರೆ ಸರಿಯಲ್ಲ ಅಂತ ಬರೀತಿದೀನಿ. ಕಿವಿ ವಾಸಿಯಾಯ್ತು. ಅಂಗಡೀಲಿ ಎರಡೂ ಥರದ್ದು ಕನ್ನಡಕ ಹಾಕ್ಕೊಂಡೇ ನೋಡ್ದೆ, ಕೊಕ್ಕೆದು ಹದಿನೈದು ನಿಮಿಷಕ್ಕೇ ಕಿವಿ ಹಿಂದೆ ನೋವು ಬಂತು, ಅದಕ್ಕೆ ಬೋನ್ ಕಂಡಕ್ಷನ್ ತಗೊಂಡೆ. ಬೆರಳು ಪರೀಕ್ಷೆ ಅಲ್ಲೇ ಮಾಡ್ದೆ, ಅಂಗಡಿ ಹುಡುಗನಿಗೂ ಮಾಡಿಸ್ದೆ, ಅವನಿಗೂ ಗೊತ್ತಿರ್ಲಿಲ್ಲ.

ಮೊದಲ ಎರಡು ದಿನ ಕೆನ್ನೆ ಹತ್ರ ಕಚಗುಳಿ ಇಟ್ಟಂಗಾಗ್ತಿತ್ತು, ವಾಲ್ಯೂಮ್ ಇಳಿಸಿದ್ಮೇಲೆ ಹೋಯ್ತು. ಕೆರೆ ಏರಿ ಮೇಲೆ ಈಗ ಪಾಡ್‌ಕಾಸ್ಟ್ ಕೇಳ್ತಾನೇ ಹೆಜ್ಜಾರ್ಲೆ ಹಕ್ಕಿ ನೀರಿಗೆ ಇಳಿಯೋ ಸದ್ದೂ ಕೇಳಿಸುತ್ತೆ, ಇಷ್ಟು ವರ್ಷ ಅಲ್ಲೇ ಓಡ್ತಿದ್ದೆ, ಆ ಸದ್ದೇ ಗೊತ್ತಿರ್ಲಿಲ್ಲ. ಬೆಟ್ಟಕ್ಕೆ ಹೋದಾಗ ಹತ್ತೋವರೆಗೆ ಹಾಡು, ಮೇಲೆ ಹೋಗಿ ತೆಗೆದು ಕೇಸಿಗೆ ಹಾಕಿ ಹೆಂಡತಿಗೆ ಇಳೀತಿದೀನಿ ಅಂತ ಮೆಸೇಜ್ ಮಾಡಿ ಇಳಿಯೋದು. ಆ ಹಿರಿಯರು ಹೇಳಿದ್ದು ದಿನಾ ನೆನಪಾಗುತ್ತೆ.

ಪೆಡಲ್_ಮಂಡ್ಯ ಸಾರ್, ಮುಂದಿನ ಸಲ ಮೇಲುಕೋಟೆಗೆ ಯಾವತ್ತು ಹೊರಡ್ತೀರಾ ಹೇಳಿ, ಪಾಂಡವಪುರದ ಹತ್ರ ಬಂದು ಸೇರ್ಕೋತೀನಿ.