ಅಪ್ಪನಿಗೆ ‘ಡೆಲಿರಿಯಂ’ ಅಂತಿದ್ದಾರೆ, ಅನುಭವ ಇರೋರು ಹೇಳಿ

ಅಪ್ಪನಿಗೆ 78 ವರ್ಷ. ಜಯನಗರದ ಒಂದು ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಆಪರೇಷನ್ ಆಯ್ತು. ಮಾರನೇ ರಾತ್ರಿಯಿಂದ ‘ಇದು ಮೆಜೆಸ್ಟಿಕ್, ತುಮಕೂರು ಬಸ್ಸು ಹೊರಟುಬಿಡುತ್ತೆ’ ಅಂತ ಮಂಚದಿಂದ ಇಳಿಯೋಕೆ ಹೋಗ್ತಾರೆ. ಡ್ರಿಪ್ ಕಿತ್ತುಹಾಕಿದರು. ಡೆಲಿರಿಯಂ ಅಂದರೇನು? ಡಿಮೆನ್ಷಿಯಾನಾ, ಅಂದರೆ ಮರೆವಿನ ಕಾಯಿಲೆನಾ?

ಉತ್ತರ: ಅಲ್ಲ ಅಕ್ಕ, ಎರಡೂ ಬೇರೆ. ಡೆಲಿರಿಯಂ ಅಂದರೆ ದಿಢೀರನೆ ಬುದ್ಧಿ ಗಲಿಬಿಲಿಯಾಗೋದು, ಹಿರಿಯರು ‘ಸನ್ನಿ’ ಅಂತಿದ್ದರಲ್ಲ, ಹೆಚ್ಚುಕಮ್ಮಿ ಅದು. ಲ್ಯಾಟಿನ್‌ನಲ್ಲಿ ‘ಲೀರಾ’ ಅಂದರೆ ಉತ್ತ ಸಾಲು. ನೇಗಿಲು ಸಾಲು ತಪ್ಪಿತು ಅನ್ನೋದಕ್ಕೆ ‘ಡೆಲಿರಾರೆ’. ಅದರಿಂದ ಬಂದ ಪದ ಇಂಗ್ಲಿಷಿಗೆ ಸೇರಿದ್ದು 16ನೇ ಶತಮಾನದ ಕೊನೆಗೆ. ಡಿಮೆನ್ಷಿಯಾದ ಮೂಲ ‘ಮೆನ್ಸ್’, ಅಂದರೆ ಮನಸ್ಸು. ಅದು ಸಾಮಾನ್ಯವಾಗಿ ತಿಂಗಳು, ವರ್ಷಗಟ್ಟಲೆ ನಿಧಾನಕ್ಕೆ ಬರುತ್ತೆ. ಡೆಲಿರಿಯಂ ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ಬಂದುಬಿಡುತ್ತೆ, ಬೆಳಿಗ್ಗೆ ಸರಿಯಿದ್ದವರು ಸಂಜೆಗೆ ಕೆಡ್ತಾರೆ. ಇದರ ಹಿಂದೆ ಕಾರಣ ಇರುತ್ತೆ, ಅದನ್ನ ಹುಡುಕಿಸಿ: ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿದಿರೋದು, ಮೂತ್ರ ಕಟ್ಟಿರೋದು, ಮಲಬದ್ಧತೆ, ತಡೆಯಲಾಗದ ನೋವು. ನಿದ್ದೆ ಮಾತ್ರೆ, ಕೆಲವು ನೆಗಡಿ, ಅಲರ್ಜಿ ಮಾತ್ರೆಗಳಿಂದಲೂ ಆಗುತ್ತೆ. ಮನೆಯಲ್ಲಿ ತಗೊಳ್ತಿದ್ದ ಮಾತ್ರೆಗಳನ್ನೆಲ್ಲ ಕವರ್ ಸಮೇತ ಒಯ್ದು ತೋರಿಸಿ. ಕುಡಿಯೋ ಅಭ್ಯಾಸ ಇದ್ದರೆ ದಯವಿಟ್ಟು ಮುಚ್ಚಿಡಬೇಡಿ, ಏಕಾಏಕಿ ನಿಂತರೂ ಹೀಗಾಗುತ್ತೆ, ಅದು ಅಪಾಯ.

ಇನ್ನೊಂದು ಉತ್ತರ: ನಮ್ಮತ್ತೆಗೆ ಐಸಿಯುನಲ್ಲಿ ಹೀಗೇ ಆಗಿತ್ತು. ಒಳಗೆ ಕರ್ಕೊಂಡು ಹೋಗುವಾಗ ಕನ್ನಡಕ, ಕಿವಿ ಮಿಷನ್ ಬಿಚ್ಚಿ ನಮ್ಮ ಕೈಗೆ ಕೊಟ್ಟಿದ್ದರು. ಗೋಡೆಯ ಆಕ್ಸಿಜನ್ ಬಾಟಲಿಯಲ್ಲಿ ಗುಳುಗುಳು ಏಳೋ ಗುಳ್ಳೆ ನೋಡಿ ‘ಹಾಲು ಉಕ್ತಾ ಇದೆ, ಒಲೆ ಆರಿಸೇ’ ಅಂತ ಒಂದೇ ಸಮ ಕೂಗೋರು. ಸಿಸ್ಟರನ್ನ ಕೇಳಿ ಎರಡನ್ನೂ ಹಾಕಿಸಿದೆವು, ಹಾಲಿನ ಮಾತು ನಿಂತಿತು. ವಾದ ಮಾಡಬೇಡಿ. ‘ಅಪ್ಪಾ, ಇದು ಆಸ್ಪತ್ರೆ, ನಾನು ಇಲ್ಲೇ ಇದೀನಿ’ ಅಂತ ಮೆಲ್ಲಗೆ ಹೇಳ್ತಾ ಇರಿ. ರಾತ್ರಿ ಡ್ಯೂಟಿಯವರಿಗೆ ಕನ್ನಡ ಬರದಿದ್ದರೆ ವಯಸ್ಸಾದವರ ಗಾಬರಿ ಇನ್ನೂ ಏರುತ್ತೆ. ಮನೆಯವರೊಬ್ಬರು ಪಕ್ಕದಲ್ಲಿರೋಕೆ ಬಿಡಿ ಅಂತ ಕೇಳಿ. ಹಗಲು ಕಿಟಕಿ ಪರದೆ ತೆಗೀರಿ, ರಾತ್ರಿ ದೀಪ ಸಣ್ಣಗಿರಲಿ.

ಮತ್ತೊಬ್ಬರು: ಕೂಗಾಡೋರು ಎಲ್ಲರ ಕಣ್ಣಿಗೂ ಬೀಳ್ತಾರೆ. ನಮ್ಮ ಮಾವ ಮಾತಿಲ್ಲದೆ ಮಲಗಿರೋರು, ತುತ್ತು ಬಾಯಲ್ಲೇ ಇರೋದು, ನುಂಗೋದೇ ಇಲ್ಲ. ಅದೂ ಡೆಲಿರಿಯಮ್ಮೇ ಅಂದರು. ಹಾಗಾಗಿ ಅಪ್ಪ ದಿಢೀರನೆ ಮಂಕಾದರೆ ಶಾಂತವಾದರು ಅಂದ್ಕೋಬೇಡಿ, ತಕ್ಷಣ ಹೇಳಿ. ಪೂರ್ತಿ ತಿಳಿಯಾಗೋಕೆ ಕೆಲವರಿಗೆ ಮನೆಗೆ ಬಂದ ಮೇಲೂ ವಾರಗಳು ಹಿಡಿಯುತ್ತೆ. ನಾಳೆ ರೌಂಡ್ಸಿಗೆ ಬಂದಾಗ ಸೋಡಿಯಂ ಎಷ್ಟಿದೆ, ಮೂತ್ರದ ಟೆಸ್ಟ್ ಆಗಿದೆಯಾ ಅಂತ ಕೇಳಿ ಇಲ್ಲಿ ತಿಳಿಸಿ.