ದರಪಟ್ಟಿ ಅಂದರೆ ಯಾವ ಪಟ್ಟಿ? ಸಾಫ್ಟ್‌ವೇರ್ ಬೆಲೆಯ ಪುಟಕ್ಕೆ ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ,

ಹುಬ್ಬಳ್ಳಿಯ ಒಂದು ಸಾಫ್ಟ್‌ವೇರ್ ಕಂಪನಿಯ ವೆಬ್‌ಸೈಟನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತಿದ್ದೇನೆ. ಗೋದಾಮು, ಹತ್ತಿಯ ಜಿನ್ನಿಂಗ್ ಮಿಲ್ಲು, ಕೋಲ್ಡ್ ಸ್ಟೋರೇಜ್‌ಗಳ ದಾಸ್ತಾನು ಮತ್ತು ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್ ಅದು. ಉಳಿದ ಪುಟಗಳೆಲ್ಲ ಸಲೀಸಾಗಿ ಆದವು. ಬೆಲೆಯ ಪುಟದಲ್ಲಿ ಮಾತ್ರ ಸಿಕ್ಕಿಹಾಕಿಕೊಂಡಿದ್ದೇನೆ.

ಆ ಪುಟದಲ್ಲಿ ಬೆಲೆಯೇ ಇಲ್ಲ. ಒಂದು ಬಟನ್ ಇದೆ. ಒತ್ತಿದರೆ ಹೆಸರು, ಫೋನ್ ನಂಬರ್, ಎಷ್ಟು ಜನ ಕೆಲಸ ಮಾಡುತ್ತಾರೆ, ವರ್ಷದ ವಹಿವಾಟು ಎಷ್ಟು ಅಂತ ಕೇಳುತ್ತದೆ. ಆಮೇಲೆ ಅವರು ಫೋನ್ ಮಾಡುತ್ತಾರೆ, ಡೆಮೊ ತೋರಿಸುತ್ತಾರೆ, ಕೊನೆಗೆ ಕೊಟೇಶನ್ ಕಳಿಸುತ್ತಾರೆ. ಈ ಬಟನ್ನಿಗೆ ಕಂಪನಿಯವರು ಕೊಟ್ಟ ಕನ್ನಡ 'ದರಪಟ್ಟಿ ಪಡೆಯಿರಿ'. ಸರ್ಕಾರಿ ಪ್ರಕಟಣೆಗಳಲ್ಲೂ ಹೀಗೇ ಬರೆಯುತ್ತಾರಲ್ಲ ಅನ್ನೋದು ಅವರ ವಾದ.

ಬರೆಯುತ್ತಾರೆ, ನಿಜ. 'ದರಪಟ್ಟಿ ಆಹ್ವಾನಿಸಲಾಗಿದೆ' ಅಂತ ಇದ್ದರೆ, ನಿಮ್ಮ ದರ ಬರೆದು ಲಕೋಟೆ ಮುಚ್ಚಿ ಕೊಡಿ ಅಂತ ಅರ್ಥ. ಆದರೆ ಖಾನಾವಳಿಯ ಗೋಡೆಯ ಮೇಲೆ ಅದೇ ಪದ ಇದ್ದರೆ ಊಟಕ್ಕೆ ಎಷ್ಟು, ಎಕ್ಸ್‌ಟ್ರಾ ರೊಟ್ಟಿಗೆ ಎಷ್ಟು ಅಂತ ಒಳಗೆ ಬಂದವರಿಗೆಲ್ಲ ಕಾಣುವ ಬೋರ್ಡು. ಲೋಕೋಪಯೋಗಿ ಇಲಾಖೆಯಲ್ಲಿ ದರಪಟ್ಟಿ ಅಂದರೆ ಕಾಮಗಾರಿಯ ಅಂದಾಜು ತೆಗೆಯುವ ದರಗಳ ಪುಸ್ತಕ. ಎಂಜಿನಿಯರೂ ಗುತ್ತಿಗೆದಾರರೂ ಅದರಲ್ಲಿ ಒಂದೇ ಅಂಕಿ ನೋಡುತ್ತಾರೆ. ಹೀಗೆ ಬಿಚ್ಚಿಟ್ಟ ದರಕ್ಕೂ ಮುಚ್ಚಿಟ್ಟ ದರಕ್ಕೂ ಒಂದೇ ಪದ ಆಗಿಬಿಟ್ಟಿದೆ.

ಕೊಳ್ಳುವವರಿಗೆ ಇದರಿಂದ ತೊಂದರೆ ಇದೆ ಅಂತಲೇ ಈ ಪತ್ರ. ಬ್ಯಾಡಗಿಯಲ್ಲಿ ನಮ್ಮ ಅಳಿಯ ಒಂದು ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುತ್ತಾರೆ. ಯಾರ ಚೀಲ ಯಾವ ಲಾಟಿನಲ್ಲಿದೆ, ಬಾಡಿಗೆ ಎಷ್ಟಾಯಿತು ಅನ್ನುವ ಲೆಕ್ಕಕ್ಕೆ ಅವರಿಗೆ ಸಾಫ್ಟ್‌ವೇರ್ ಬೇಕಿತ್ತು. ಬೇರೊಂದು ಕಂಪನಿಯ ಕೊಟೇಶನ್ ತರಿಸಿದ್ದರು, ನಾನೂ ನೋಡಿದೆ. ಲೈಸೆನ್ಸ್, ಇನ್‌ಸ್ಟಾಲೇಶನ್, ಟ್ರೇನಿಂಗ್, ಹಳೇ ಲೆಕ್ಕ ಏರಿಸುವ ಚಾರ್ಜು, ವರ್ಷಾವರ್ಷ ಎಎಂಸಿ (ನಿರ್ವಹಣೆಯ ಚಾರ್ಜು), ಎಲ್ಲದರ ಮೇಲೆ ಶೇಕಡಾ 18 ಜಿಎಸ್‌ಟಿ. ಕೆಳಗೆ ದಪ್ಪ ಅಕ್ಷರದಲ್ಲಿ 'ವಿಶೇಷ ರಿಯಾಯಿತಿ, ಈ ತಿಂಗಳ ಕೊನೆಯವರೆಗೆ ಮಾತ್ರ'. ರಿಯಾಯಿತಿ ಯಾವುದರ ಮೇಲೆ? ಮೂಲ ದರವನ್ನು ಅವರು ಎಲ್ಲೂ ಹಾಕಿಲ್ಲ. ಪಕ್ಕದ ಸ್ಟೋರೇಜಿನವರಿಗೆ ಎಷ್ಟಕ್ಕೆ ಕೊಟ್ಟಿದ್ದಾರೆ ಅಂತ ತಿಳಿಯುವ ದಾರಿಯೂ ಇಲ್ಲ. ಅದೇ ಅಳಿಯ ಮೆಣಸಿನಕಾಯಿ ಧಾರಣೆ ಬೇಕಾದರೆ ಫೋನಿನಲ್ಲಿ ಸರ್ಕಾರದ ಕೃಷಿ ಮಾರಾಟ ವಾಹಿನಿ ವೆಬ್‌ಸೈಟ್ ತೆಗೆದು ನೋಡುತ್ತಾರೆ. ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ ದರ) ಅಂತ ಕ್ವಿಂಟಾಲಿನ ಬೆಲೆ ಅಲ್ಲಿ ಎಲ್ಲರಿಗೂ ಕಾಣುತ್ತದೆ. ಕಾಯಿಯಿಂದ ಕಾಯಿಗೆ ಬಣ್ಣ, ತೇವ, ಗುಣ ಬೇರೆ. ಹಾಗಂತ ಎಪಿಎಂಸಿಯವರು ಬೆಲೆ ಹಾಕೋದನ್ನು ಬಿಟ್ಟಿಲ್ಲ.

ಹುಬ್ಬಳ್ಳಿಯ ಕಂಪನಿಯವರ ಮಾತಿನಲ್ಲೂ ಹುರುಳಿದೆ. ಒಂದೊಂದು ಮಿಲ್ಲಿಗೆ ಒಂದೊಂದು ಥರ ಬದಲಾಯಿಸಿ ಕೊಡಬೇಕು, ಆ ಕೆಲಸ ಎಷ್ಟು ಅಂತ ಮೊದಲೇ ಗೊತ್ತಾಗೋದಿಲ್ಲ. ಹಾಗಿದ್ದರೆ ಆ ಭಾಗಕ್ಕೆ ಕೊಟೇಶನ್ ಕೊಡಲಿ. ಲೈಸೆನ್ಸಿನ ದರ ಹಾಕೋಕೆ ಏನು ಅಡ್ಡಿ? ಟ್ಯಾಲಿ, ಜೋಹೋ ತಮ್ಮ ದರಗಳನ್ನು ವೆಬ್‌ಸೈಟಿನಲ್ಲೇ ಹಾಕುತ್ತವೆ. ಒರಾಕಲ್‌ನಂಥ ದೊಡ್ಡ ಕಂಪನಿ ಕೂಡ ತನ್ನ ಡೇಟಾಬೇಸ್ ದರಗಳ ಪಟ್ಟಿ ಪ್ರಕಟಿಸುತ್ತದೆ. ದೊಡ್ಡ ಗಿರಾಕಿಗಳು ಅದಕ್ಕಿಂತ ಕಡಿಮೆಗೆ ಕುದುರಿಸುತ್ತಾರೆ, ಆದರೆ ಮಾತು ಶುರು ಮಾಡೋಕೆ ಒಂದು ಅಂಕಿ ಇರುತ್ತದೆ. ಸಣ್ಣ ಊರಿನ ಸಣ್ಣ ಗಿರಾಕಿಗೆ ಆ ಅಂಕಿ ಜಾಸ್ತಿ ಬೇಕು. ಅವನ ಪರವಾಗಿ ಚೌಕಾಸಿ ಮಾಡುವ ಖರೀದಿ ವಿಭಾಗ ಅಂತ ಏನೂ ಇರೋದಿಲ್ಲ.

ಇನ್ನು ಪದಗಳಿಗೆ ಬರುತ್ತೇನೆ. 'ದರಪಟ್ಟಿ'ಯನ್ನು ಎಲ್ಲರಿಗೂ ತೋರಿಸುವ ಪಟ್ಟಿಗೆ ಮಾತ್ರ ಇಟ್ಟುಕೊಳ್ಳಬೇಕು ಅನ್ನೋದು ನನ್ನ ಅಭಿಪ್ರಾಯ. ಬಟನ್ನಿನ ಮೇಲೆ ಸುಮ್ನೆ 'ಕೊಟೇಶನ್ ಕೇಳಿ' ಅಂತ ಬರೆದರೆ ಆಯಿತು. ಹುಬ್ಬಳ್ಳಿ ಪೇಟೆಯ ದುರ್ಗದ ಬೈಲಿನ ಅಂಗಡಿಯವರಿಂದ ಹಿಡಿದು ಎಲ್ಲರ ಬಾಯಲ್ಲೂ ಇರುವ ಪದ ಅದು. 'ಧಾರಣೆ' ಇಲ್ಲಿ ಹೊಂದೋದಿಲ್ಲ. ಅದು ಪೇಟೆಯಲ್ಲಿ ದಿನಾ ಏರಿಳಿಯುವ ದರ, ಒಬ್ಬ ಮಾರಾಟಗಾರ ನಿಗದಿ ಮಾಡಿದ್ದಲ್ಲ. ಪಟ್ಟಿಯ ಬೆಲೆಗೂ ಕೊನೆಗೆ ಕುದುರಿದ ಬೆಲೆಗೂ ನಮ್ಮ ಕಡೆ 'ಹೇಳೋ ರೇಟು, ಕೊಡೋ ರೇಟು' ಅನ್ನುತ್ತಾರೆ. ಬರಹದಲ್ಲಿ 'ಹೇಳುವ ದರ', 'ಕೊಡುವ ದರ' ಅಂದರೆ ಎಲ್ಲರಿಗೂ ತಿಳಿದೀತೇ? 'ಕೊಡುವ ದರ' ಅಂದರೆ ಮಾರುವವನು ಕೊಡೋದೋ, ಕೊಳ್ಳುವವನು ಕೊಡೋದೋ ಅಂತ ಅನುಮಾನ ಬರಬಹುದು. ನನಗಿನ್ನೂ ಸಮಾಧಾನವಿಲ್ಲ.

ಇನ್ನೊಂದು ತೊಡಕು 'ತಲಾ'. ಇಂಥ ಸಾಫ್ಟ್‌ವೇರ್‌ಗಳ ದರ ಸಾಮಾನ್ಯವಾಗಿ ಒಬ್ಬ ಬಳಕೆದಾರನಿಗೆ ತಿಂಗಳಿಗೆ ಇಷ್ಟು ಅಂತ ಇರುತ್ತದೆ. 'ಬಳಕೆದಾರರಿಗೆ ತಲಾ' ಅಂದರೆ ಕೇಳೋಕೆ ಚೆನ್ನ. ಆದರೆ ಕೆಲವು ಕಂಪನಿಗಳು ಹೆಸರು ನೋಂದಾಯಿಸಿದ ಪ್ರತಿಯೊಬ್ಬರಿಗೂ ದುಡ್ಡು ಕೇಳುತ್ತವೆ, ಕೆಲವು ಏಕಕಾಲಕ್ಕೆ ಒಳಗಿರುವವರನ್ನಷ್ಟೇ ಲೆಕ್ಕ ಹಿಡಿಯುತ್ತವೆ. ಎರಡು ಪಾಳಿಯ ಮಿಲ್ಲಿನಲ್ಲಿ ಹಗಲು ನಾಲ್ವರು, ರಾತ್ರಿ ನಾಲ್ವರು ಅದೇ ಕಂಪ್ಯೂಟರ್‌ಗಳ ಮುಂದೆ ಕೂತರೆ ಮೊದಲ ಲೆಕ್ಕದಲ್ಲಿ ಎಂಟು, ಎರಡನೆಯದರಲ್ಲಿ ನಾಲ್ಕು. 'ತಲಾ' ಅಂದಾಗ ಓದುವವರು ತಲೆ ಎಣಿಸುತ್ತಾರೆ. ಎರಡನೆಯದಕ್ಕೆ 'ಏಕಕಾಲದ ಲಾಗಿನ್ ಒಂದಕ್ಕೆ' ಅಂತ ಬರೆದಿದ್ದೇನೆ. ಇದಕ್ಕಿಂತ ಹಗುರವಾದ ಮಾತು ಇದ್ದರೆ ಹೇಳಿ.

ಮೈಸೂರು, ಮಂಗಳೂರು, ಕಲಬುರ್ಗಿ ಕಡೆಯವರನ್ನು ಒಂದು ಕೇಳಬೇಕಿತ್ತು. ನಿಮ್ಮಲ್ಲಿ ಸಾಮಾನ್ಯ ಅಂಗಡಿಕಾರರು ಕೊಟೇಶನ್ನಿಗೆ 'ದರಪಟ್ಟಿ' ಅನ್ನುತ್ತಾರಾ, ಅಥವಾ ಅದು ಕಚೇರಿಯ ಕಾಗದದಲ್ಲಿ ಮಾತ್ರವಾ? ಕಚೇರಿಯಲ್ಲಿ ಮಾತ್ರ ಅಂತಾದರೆ ಕಂಪನಿಯವರ ಹತ್ತಿರ ವಾದ ಮಾಡೋಕೆ ನನಗೆ ಅನುಕೂಲ. ಮುಂದಿನ ವಾರ ಪುಟ ಅಂತಿಮ ಆಗಬೇಕು. ಪುಟದಲ್ಲಿ ಬಟನ್ನಿಗಿಂತ ಮೇಲುಗಡೆ ಲೈಸೆನ್ಸಿನ ದರ ಹಾಕಿ ಅಂತ ಕೂಡ ಅವರಿಗೆ ಬರೆದು ಕೇಳಿದ್ದೇನೆ.